ಯಾವ ತಿಂಗಳಿಗೆ ಯಾವ ಮರಳುಗಾಡು? ಹಾಸನ, ಚಿಕ್ಕಮಗಳೂರಿನಿಂದ ಬಿಸಿಲು ಹುಡುಕಿ ಹೊರಡುವವರಿಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಸಕಲೇಶಪುರ, ಕಳಸ, ಕೊಪ್ಪದ ಮನೆಗಳಲ್ಲಿ ಬಟ್ಟೆ ಒಣಗುವುದು ಬಚ್ಚಲ ಒಲೆಯ ಹತ್ತಿರ. ಚಪ್ಪಲಿ, ಬೆಲ್ಟು, ಬೀರುವಿನಲ್ಲಿಟ್ಟ ರೇಷ್ಮೆ ಸೀರೆ, ಎಲ್ಲಕ್ಕೂ ಬೂಷ್ಟು. ಉಬ್ಬಸ ಇರುವವರಿಗೆ, ಮಂಡಿನೋವಿನ ಹಿರಿಯರಿಗೆ ಈ ನಾಲ್ಕು ತಿಂಗಳು ನಿಜವಾಗಿಯೂ ಕಷ್ಟ. ಹಾಗಾಗಿ "ಎಲ್ಲಾದರೂ ಚೆನ್ನಾಗಿ ಬಿಸಿಲಿರೋ ಕಡೆ ಹೋಗಿ ಒಂದು ವಾರ ಇದ್ದು ಬರೋಣ" ಅನ್ನುವ ಮಾತು ನಮ್ಮ ಕಡೆ ಮನೆಮನೆಯಲ್ಲೂ ಬರುತ್ತದೆ. ಈಗೀಗ ಆ ಮಾತಿನ ಜೊತೆ ಜೈಸಲ್ಮೇರ್, ಕಛ್, ಲಡಾಖ್, ದುಬೈ ಹೆಸರುಗಳೂ ಬರುತ್ತಿವೆ. ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿರುವವರು ಅಲ್ಲಿನ ಮರುಭೂಮಿಯ ಊರು ಪಾಮ್ ಸ್ಪ್ರಿಂಗ್ಸ್ ಹೇಗೆ ಅಂತ ಕೇಳುತ್ತಾರೆ.

ತೊಡಕು ಇರುವುದು ಇಲ್ಲೇ. ನಮಗೆ ಬಿಸಿಲು ಬೇಕಾಗುವ ತಿಂಗಳು ಬೇರೆ, ಮರಳುಗಾಡು ಹಿತವಾಗಿರುವ ತಿಂಗಳು ಬೇರೆ. ರಾಜಸ್ಥಾನದ ಥಾರ್ ಮರಳುಗಾಡು ಸೊಗಸಾಗಿರುವ ಡಿಸೆಂಬರ್, ಜನವರಿಯಲ್ಲಿ ನಮ್ಮ ತೋಟಗಳಲ್ಲಿ ಕುಯ್ಲು. ನಾವು ಕೈ ಖಾಲಿ ಮಾಡಿಕೊಂಡು ಮಳೆ ನೋಡುತ್ತಾ ಕೂರುವ ಜುಲೈನಲ್ಲಿ ಅಲ್ಲಿ ಸುಡುವ ಸೆಕೆ. ಆದ್ದರಿಂದ ಊರಿನ ಹೆಸರು ಮೊದಲು ಆರಿಸಿ ಆಮೇಲೆ ರಜೆ ಹೊಂದಿಸುವ ಕ್ರಮ ನಮಗೆ ಸರಿಹೋಗುವುದಿಲ್ಲ. ಬಿಡುವಿನ ತಿಂಗಳು ಯಾವುದು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ಆ ತಿಂಗಳಿಗೆ ತಕ್ಕ ಮರಳುಗಾಡು ಒಂದಲ್ಲ ಒಂದು ಇದ್ದೇ ಇದೆ.

ಮೊದಲು ನಿಮ್ಮ ಬಿಡುವು ಯಾವಾಗ?

ಅರೇಬಿಕಾ ಕಾಫಿ ತೋಟದವರು ನವೆಂಬರ್‌ನಿಂದ ಜನವರಿವರೆಗೆ ಎಲ್ಲೂ ಹೊರಡುವ ಹಾಗಿಲ್ಲ. ಹಣ್ಣು ಕುಯ್ಲು, ಸಿಪ್ಪೆ ಬಿಡಿಸುವ ಪಲ್ಪಿಂಗ್, ಕಣದಲ್ಲಿ ಒಣಗಿಸುವುದು, ಆಳುಗಳ ಬಟವಾಡೆ ಎಲ್ಲ ಒಟ್ಟಿಗೇ ಬೀಳುತ್ತದೆ. ಆದರೆ ಫೆಬ್ರವರಿ ಹೊತ್ತಿಗೆ ಕಣ ಖಾಲಿಯಾಗುತ್ತಾ ಬರುತ್ತದೆ. ಕಾಫಿ ಹೂ ಅರಳಿಸುವ ಹೂ ಮಳೆಗೆ ಇನ್ನೂ ಸಮಯ ಇರುತ್ತದೆ. ಆ ಮೂರ್ನಾಲ್ಕು ವಾರ ಸಿಗುವ ಬಿಡುವು ದೊಡ್ಡದು, ಯಾಕೆಂದರೆ ಜೈಸಲ್ಮೇರ್‌ಗೂ ಕಛ್‌ಗೂ ಫೆಬ್ರವರಿಗಿಂತ ಒಳ್ಳೆಯ ಕಾಲ ಇಲ್ಲ. ಕೊರೆಯುವ ಚಳಿ ಇಳಿದಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ, ವರ್ಷಾಂತ್ಯದ ಜನಜಂಗುಳಿಯೂ ಕರಗಿರುತ್ತದೆ.

ರೊಬಸ್ಟಾ ಕಾಫಿಯವರಿಗೆ ಈ ಅನುಕೂಲ ಇಲ್ಲ. ಅವರ ಕುಯ್ಲು ಜನವರಿಯಲ್ಲಿ ಜೋರಾಗಿ ಮಾರ್ಚ್ ತನಕ ಎಳೆಯುತ್ತದೆ. ಅದು ಪೂರ್ತಿ ಮುಗಿಯುವ ಮೊದಲೇ ಸ್ಪ್ರಿಂಕ್ಲರ್ ಪೈಪು ಹೊರಗೆ ಬಂದಿರುತ್ತದೆ. ಇಂಥವರು ಅಕ್ಟೋಬರ್ ಮೇಲೆ ಕಣ್ಣಿಡುವುದು ಒಳ್ಳೆಯದು. ಮಳೆ ಹಿಂದೆ ಸರಿದಿರುತ್ತದೆ, ಹಣ್ಣು ಇನ್ನೂ ಕೆಂಪಾಗಿರುವುದಿಲ್ಲ. ಅಕ್ಟೋಬರ್ 15ರ ನಂತರ ಜೈಸಲ್ಮೇರ್ ಹಗಲು ಬಿಸಿ ಇದ್ದರೂ ಸಂಜೆ ಹಿತವಾಗಿರುತ್ತದೆ. ಕಛ್‌ನ ಬಿಳಿ ರಣ್, ಅಂದರೆ ಉಪ್ಪಿನ ಬಯಲು, ಮಾತ್ರ ಆಗ ಸಿಗುವುದಿಲ್ಲ. ಕಾರಣ ಮುಂದೆ ಹೇಳುತ್ತೇನೆ.

ಹಾಸನ ಬಯಲಿನ ಆಲೂಗಡ್ಡೆ ಬೆಳೆಗಾರರು ಮೇ, ಜೂನ್‌ನಲ್ಲಿ ಬಿತ್ತನೆ ಮಾಡಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಗೆಡ್ಡೆ ಕಿತ್ತು ಮುಗಿಸುತ್ತಾರೆ. ಅವರಿಗೂ ಅಕ್ಟೋಬರ್ ಸರಿ, ಡಿಸೆಂಬರ್ ಇನ್ನೂ ಸರಿ. ಹಾಸನ ಪೇಟೆಯವರು ಮಾತ್ರ ಹಾಸನಾಂಬೆ ಬಾಗಿಲು ತೆಗೆಯುವ ದಿನ ನೋಡಿಕೊಂಡು ಟಿಕೆಟ್ ಮಾಡಿಸಬೇಕು. ಮನೆ ತುಂಬ ನೆಂಟರಿರುವಾಗ ಹೊರಡುವುದಾದರೂ ಹೇಗೆ ಅಲ್ವಾ?

ಮೇಷ್ಟ್ರುಗಳು, ಆಫೀಸಿನವರು, ಶಾಲೆಗೆ ಹೋಗುವ ಮಕ್ಕಳಿರುವವರು ಬೇಸಿಗೆ ರಜೆಯನ್ನೇ ನಂಬಿಕೊಂಡಿರುತ್ತಾರೆ. ಏಪ್ರಿಲ್, ಮೇನಲ್ಲಿ ಮಕ್ಕಳನ್ನು ಕಟ್ಟಿಕೊಂಡು ರಾಜಸ್ಥಾನಕ್ಕೆ ಹೋಗುವುದು ಬೇಡ. ಪ್ಯಾಕೇಜ್ ಎಷ್ಟೇ ಅಗ್ಗವಾಗಿ ಸಿಕ್ಕಲಿ, ಬೇಡ. ಮೇ, ಜೂನ್‌ನಲ್ಲಿ ಅಲ್ಲಿ 42 ಡಿಗ್ರಿ ದಾಟುವುದು ಮಾಮೂಲು. 'ಲೂ' ಅನ್ನುವ ಬಿಸಿಗಾಳಿ ಬೀಸುತ್ತದೆ. ಧೂಳಿನ ಬಿರುಗಾಳಿ ಎದ್ದರೆ ಕೋಣೆಯೊಳಗೂ ಮರಳು. ದಸರಾ ರಜೆಯನ್ನು ಉಳಿಸಿಕೊಂಡು ಆಗ ಹೋಗಿ.

ಜೈಸಲ್ಮೇರ್: ಮೊದಲ ಸಲಕ್ಕೆ ಇದೇ

ಮರಳುಗಾಡು ಅಂದಾಗ ನಮ್ಮ ಕಣ್ಣಮುಂದೆ ಬರುವ ಎಲ್ಲವೂ ಜೈಸಲ್ಮೇರ್‌ನಲ್ಲಿ ಒಂದೇ ಕಡೆ ಸಿಗುತ್ತದೆ. ದಿಬ್ಬ, ಒಂಟೆ, ಹಳದಿ ಕಲ್ಲಿನ ಕೋಟೆ, ಹವೇಲಿ ಅನ್ನುವ ಕೆತ್ತನೆಯ ದೊಡ್ಡ ಮನೆಗಳು, ಸಂಜೆಯ ಹಾಡು. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆ ಇದು. 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಒಳಗೆ ಈಗಲೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಓಣಿಯಲ್ಲಿ ಹಸು ಅಡ್ಡ ನಿಂತಿರುತ್ತದೆ, ಜಗಲಿಯಲ್ಲಿ ಅಜ್ಜಿಯರು ಕೂತಿರುತ್ತಾರೆ. ಬೇಲೂರಿನ ಕಲ್ಲು ನೋಡಿ ಬೆಳೆದವರಿಗೆ ಇಲ್ಲಿನ ಪಟವೋಂ ಕೀ ಹವೇಲಿಯ ಕಿಟಕಿಗಳ ಮುಂದೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ನಮ್ಮ ಬಳಪದ ಕಲ್ಲಿನ ಹೊಳಪು ಇದಕ್ಕಿಲ್ಲ. ಮರಳುಗಲ್ಲು ಸ್ವಲ್ಪ ಒರಟು. ಆದರೆ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಆ ಹಳದಿ ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದೆ.

ಉಳಿದುಕೊಳ್ಳುವುದು ಕೋಟೆಯ ಒಳಗೋ ಹೊರಗೋ? ಹೊರಗೆ ಉಳಿಯಿರಿ ಅನ್ನುತ್ತೇನೆ. ಮಳೆ ತೀರಾ ಕಡಿಮೆ ಬೀಳುವ ಊರಿನ ಲೆಕ್ಕ ಹಾಕಿ ಕಟ್ಟಿದ ಕೋಟೆ ಅದು. ಒಳಗಿನ ಹೋಟೆಲ್‌ಗಳ ಬಚ್ಚಲ ನೀರು ಬುಡಕ್ಕೆ ಇಳಿದು ಗೋಡೆಗಳು ಸಡಿಲವಾಗಿವೆ, ಕೆಲವು ಭಾಗ ಕುಸಿದೂ ಇವೆ. ಕೋಟೆಗೆ ಎದುರಾಗಿ ಹೊರಗೆ ಕೋಣೆ ಹಿಡಿದರೆ ನೋಟವೂ ಚೆನ್ನ, ಕೋಟೆಗೂ ಕ್ಷೇಮ. ಕಾರು ಬಾಗಿಲ ತನಕ ಬರುವುದರಿಂದ ಮಂಡಿನೋವಿನವರಿಗೂ ಅನುಕೂಲ.

ಇನ್ನೊಂದು ಆಯ್ಕೆ ದಿಬ್ಬಗಳದ್ದು. ಸಮ್ ದಿಬ್ಬಗಳು ಊರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್. ಖುರಿ ನೈಋತ್ಯಕ್ಕೆ, ಹೆಚ್ಚುಕಮ್ಮಿ ಅಷ್ಟೇ ದೂರ. ಸಮ್‌ನಲ್ಲಿ ಟೆಂಟ್‌ಗಳು ಸಾಲುಸಾಲು. ಸಂಜೆಯಾದರೆ ಜೀಪುಗಳ ಆರ್ಭಟ, ರಾತ್ರಿ ಸ್ಪೀಕರ್. ಕಾಲೇಜು ಹುಡುಗರ ಗುಂಪಿಗೆ ಅದು ಖುಷಿ ಕೊಡಬಹುದು. ಅಪ್ಪ, ಅಮ್ಮ, ಅತ್ತೆ, ಮಾವನ ಜೊತೆ ಹೋಗುವವರಿಗೆ ಖುರಿಯೇ ಸರಿ. ಅಲ್ಲಿ ಹಳ್ಳಿ ಇದೆ, ಮಣ್ಣಿನ ಮನೆಗಳಿವೆ, ಗದ್ದಲ ಕಡಿಮೆ. ಬೆಳಗ್ಗೆ ಸೂರ್ಯ ಹುಟ್ಟುವ ಮೊದಲೇ ಎದ್ದು ಬರಿಗಾಲಲ್ಲಿ ದಿಬ್ಬಕ್ಕೆ ಹೋಗಿ ನೋಡಿ. ಮರಳು ಐಸಿನಷ್ಟು ತಣ್ಣಗಿರುತ್ತದೆ. ರಾತ್ರಿ ಓಡಾಡಿದ ಜೀರುಂಡೆಗಳ ಹೆಜ್ಜೆಗುರುತು ಹೊಲಿಗೆ ಹಾಕಿದ ಹಾಗೆ ಉದ್ದಕ್ಕೂ ಬಿದ್ದಿರುತ್ತದೆ. ಒಂಬತ್ತು ಗಂಟೆಗೆ ಗಾಳಿ ಎದ್ದಿತೆಂದರೆ ಒಂದೂ ಉಳಿಯುವುದಿಲ್ಲ.

ಒಂಟೆ ಸವಾರಿಯ ಬಗ್ಗೆ ಒಂದು ಮಾತು, ಯಾಕೆಂದರೆ ಇದನ್ನು ಮೊದಲೇ ಯಾರೂ ಹೇಳುವುದಿಲ್ಲ. ಕೂತ ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ. ಮೇಲೆ ಕೂತವರು ಧಡಕ್ಕನೆ ಮುಂದಕ್ಕೆ ವಾಲುತ್ತಾರೆ. ಮರುಕ್ಷಣ ಮುಂಗಾಲು ಎದ್ದಾಗ ಹಿಂದಕ್ಕೆ. ಕೂರುವಾಗ ಮುಂಗಾಲು ಮೊದಲು ಮಡಿಸುವುದರಿಂದ ಮತ್ತೆ ಮುಂದಕ್ಕೇ ಜೋಲಿ. ಎರಡು ಸಲವೂ ಮೊದಲೇ ಮೈ ಹಿಂದಕ್ಕೆ ಮಾಡಿಕೊಂಡು ಜೀನಿನ ಹಿಡಿ ಬಿಗಿಯಾಗಿ ಹಿಡಿದರೆ ಏನೂ ಆಗುವುದಿಲ್ಲ. ಬೆನ್ನುನೋವಿರುವವರು ಸವಾರಿ ಬಿಟ್ಟು ಒಂಟೆ ಗಾಡಿ ಕೇಳಿ. ಆರಾಮವಾಗಿ ಕಾಲು ಇಳಿಬಿಟ್ಟು ಕೂರಬಹುದು.

ಡಿಸೆಂಬರ್, ಜನವರಿಯಲ್ಲಿ ಹಗಲು 24 ಡಿಗ್ರಿ ಆಸುಪಾಸು, ರಾತ್ರಿ 7, 8ಕ್ಕೆ ಇಳಿಯುತ್ತದೆ. ಟೆಂಟಿನಲ್ಲಿ ಅದಕ್ಕಿಂತಲೂ ಚಳಿ ಅನ್ನಿಸುತ್ತದೆ. ನಮ್ಮ ಮಾಘದ ಚಳಿಗೆ ಹೊದೆಯುವ ಕಂಬಳಿ ಸಾಲದು, ಸ್ವೆಟರ್ ಮೇಲೆ ಜಾಕೆಟ್ ಬೇಕು. ಹಿರಿಯರನ್ನು ಟೆಂಟಿನಲ್ಲಿ ಒಂದು ರಾತ್ರಿಗಿಂತ ಜಾಸ್ತಿ ಇರಿಸಬೇಡಿ. ಉಳಿದ ದಿನ ಊರಿನ ಹೋಟೆಲ್‌ನಲ್ಲಿರಲಿ.

ಊಟ ಹಿಡಿಸುತ್ತದೆ. ದಾಲ್ ಬಾಟಿ, ಗಟ್ಟೆ, ಕೇರ್ ಸಾಂಗ್ರಿ, ಜೊತೆಗೆ ಧಾರಾಳ ತುಪ್ಪ. ಸಸ್ಯಾಹಾರಿಗಳಿಗೆ ಯಾವ ಚಿಂತೆಯೂ ಇಲ್ಲ. ಕೇರ್ ಒಂದು ಮುಳ್ಳುಗಿಡದ ಕಾಯಿ, ಸಾಂಗ್ರಿ ಖೇಜ್ರಿ ಮರದ ಕೋಡು. ಮಳೆಯೇ ಬಾರದ ನೆಲದಲ್ಲಿ ಒಣಗಿಸಿ ವರ್ಷವಿಡೀ ಇಟ್ಟುಕೊಳ್ಳುವ ತರಕಾರಿ ಅದು. ತೊಂದರೆ ಕಾಫಿಯದ್ದೇ. ಅದು ಚಹಾದ ಸೀಮೆ. ಪುಡಿ, ಸಣ್ಣ ಫಿಲ್ಟರ್ ಜೊತೆಗಿಟ್ಟುಕೊಂಡು ಹೋಗಿ, ಬಿಸಿ ಹಾಲು ಎಲ್ಲ ಕಡೆ ಸಿಗುತ್ತದೆ.

ಜೋಧಪುರದಿಂದ ಜೈಸಲ್ಮೇರ್‌ಗೆ ಸುಮಾರು 280 ಕಿಲೋಮೀಟರ್, ಕಾರಿನಲ್ಲಿ ಐದು ಗಂಟೆ. ಜೋಧಪುರದಲ್ಲಿ ಎರಡು ರಾತ್ರಿ ಇದ್ದು ಮೆಹರಾನ್‌ಗಢ ಕೋಟೆ ನೋಡಿಕೊಂಡೇ ಮುಂದೆ ಹೋಗಬೇಕು. 1459ರಲ್ಲಿ ರಾವ್ ಜೋಧಾ ಶುರು ಮಾಡಿಸಿದ ಆ ಕೋಟೆಯೊಳಗಿನ ವಸ್ತುಸಂಗ್ರಹಾಲಯವನ್ನು ಬಹಳ ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ಬಿಕಾನೇರ್ ಸಮಯ ಉಳಿದರೆ ಮಾತ್ರ.

ಕಛ್: ಮರಳಿಲ್ಲ, ಉಪ್ಪಿದೆ

ಕಛ್‌ಗೆ ಹೋಗಿ "ದಿಬ್ಬ ಎಲ್ಲಿ?" ಅಂತ ಹುಡುಕಿದರೆ ನಿರಾಸೆ ಆಗುತ್ತದೆ. ಅದು ಉಪ್ಪಿನ ಬಯಲು. ಮಳೆಗಾಲದಲ್ಲಿ ರಣ್ ಪೂರ್ತಿ ನೀರಲ್ಲಿ ಮುಳುಗಿರುತ್ತದೆ. ಆ ನೀರು ಅಕ್ಟೋಬರ್, ನವೆಂಬರ್‌ನಲ್ಲಿ ನಿಧಾನಕ್ಕೆ ಆರುತ್ತಾ ಬಂದು ಉಪ್ಪು ಹೆಪ್ಪುಗಟ್ಟುತ್ತದೆ. ಅದಕ್ಕೇ ಅಕ್ಟೋಬರ್‌ನಲ್ಲಿ ಹೋದವರಿಗೆ ಕಾಣುವುದು ಕೆಸರು. ಡಿಸೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಬಿಳುಪು ಚೆನ್ನಾಗಿರುತ್ತದೆ. ಹೆಜ್ಜೆ ಇಟ್ಟರೆ ಚರಚರ ಸದ್ದು. ಮೇಲಿನ ಪದರ ಒಡೆದರೆ ಅಡಿಯಲ್ಲಿ ಒದ್ದೆ ಬೂದು ಜೇಡಿ. ಜನ ನಡೆದ ದಾರಿ ಬಿಟ್ಟು ಆಚೆ ಹೋದರೆ ಕಾಲು ಹೂತುಕೊಳ್ಳುತ್ತದೆ. ಮಧ್ಯಾಹ್ನ ಕಣ್ಣು ಬಿಡಲಾಗದಷ್ಟು ಪ್ರಖರ, ಕಪ್ಪು ಕನ್ನಡಕ ಬೇಕೇ ಬೇಕು.

ಕಛ್‌ನ ಮುಖ್ಯ ಊರು ಭುಜ್‌ನಿಂದ ಸುಮಾರು 80 ಕಿಲೋಮೀಟರ್ ದೂರದ ಧೋರ್ಡೋದಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ರಣ್ ಉತ್ಸವ ನಡೆಯುತ್ತದೆ. ಟೆಂಟ್ ನಗರಿಯೇ ಎದ್ದಿರುತ್ತದೆ. ಅಲ್ಲಿ ಹುಣ್ಣಿಮೆ ರಾತ್ರಿಗಳಿಗೆ ಬೇಡಿಕೆ ಜಾಸ್ತಿ, ದರವೂ ಜಾಸ್ತಿ. ರಣ್ ನೋಡಲು ಪರ್ಮಿಟ್ ಬೇಕು, ಗುರುತಿನ ಚೀಟಿ ಕೈಯಲ್ಲಿರಲಿ. ಗುಜರಾತ್‌ನಲ್ಲಿ ಪಾನನಿಷೇಧ ಇದೆ ಅನ್ನುವುದನ್ನೂ ಗುಂಪಿನಲ್ಲಿ ಹೋಗುವವರು ನೆನಪಿಟ್ಟುಕೊಳ್ಳಿ.

ಫೆಬ್ರವರಿಯಲ್ಲಿ ಬಿಡುವಾಗುವ ಅರೇಬಿಕಾದವರಿಗೆ ಒಂದು ಒಳ್ಳೆಯ ಇಕ್ಕಟ್ಟು ಎದುರಾಗುತ್ತದೆ. ಭಾರತ ಹುಣ್ಣಿಮೆಯ ಆಸುಪಾಸಿನಲ್ಲೇ ಜೈಸಲ್ಮೇರ್‌ನ ಮರುಭೂಮಿ ಉತ್ಸವ (ಮರು ಮಹೋತ್ಸವ). ಅದೇ ಹುಣ್ಣಿಮೆಗೆ ಕಛ್‌ನ ಬಿಳಿ ಬಯಲೂ ಬೆಳಗುತ್ತದೆ. ನನ್ನ ಆಯ್ಕೆ ಕಛ್. ಉತ್ಸವದ ದಿನಗಳಲ್ಲಿ ಜೈಸಲ್ಮೇರ್ ತುಂಬಿ ತುಳುಕುತ್ತದೆ. ಕೋಟೆ, ಹವೇಲಿಗಳನ್ನು ಬೇರೆ ಯಾವ ದಿನ ಬೇಕಾದರೂ ನೋಡಬಹುದು. ಹುಣ್ಣಿಮೆ ಬೆಳದಿಂಗಳಲ್ಲಿ ದಿಗಂತದ ತನಕ ಬೆಳ್ಳಗೆ ಹಾಸಿದ ನೆಲ ತಿಂಗಳಿಗೆ ಒಂದೆರಡು ರಾತ್ರಿ ಮಾತ್ರ ಸಿಗುವಂಥದ್ದು.

ಕಛ್‌ನ ಇನ್ನೊಂದು ಹೆಚ್ಚುಗಾರಿಕೆ, ಅಲ್ಲಿ ನೋಡಲು ರಣ್ ಒಂದೇ ಇಲ್ಲ. ಖಾವ್ಡಾದಿಂದ ಧೋಲಾವೀರಾಕ್ಕೆ ಹೋಗುವ ರಸ್ತೆ ರಣ್ ಮಧ್ಯದಲ್ಲೇ ಹಾದುಹೋಗುತ್ತದೆ, ಎರಡೂ ಕಡೆ ಬಿಳುಪು. ಧೋಲಾವೀರಾ ಸಿಂಧೂ ಕಾಲದ ನಗರ. ನಮ್ಮ ಬೇಲೂರು, ಹಳೇಬೀಡು 2023ರಲ್ಲಿ ಸೇರಿದ ಯುನೆಸ್ಕೋ ಪಟ್ಟಿಗೆ ಅದು 2021ರಲ್ಲೇ ಸೇರಿದೆ. ಮಳೆ ಕಡಿಮೆಯ ಊರಲ್ಲಿ ನೀರು ಹಿಡಿದಿಡಲು ಅವರು ಕಲ್ಲಿನಲ್ಲಿ ಕಟ್ಟಿದ ದೊಡ್ಡ ದೊಡ್ಡ ಕೊಳಗಳನ್ನು ಕೆರೆಕಟ್ಟೆಗಳ ನಾಡಿನವರಾದ ನಾವು ನೋಡಲೇಬೇಕು. ಅಜ್ರಖ್‌ಪುರದಲ್ಲಿ ಅಜ್ರಖ್ ಬಟ್ಟೆಗೆ ಅಚ್ಚು ಹಾಕುವುದನ್ನು, ನಿರೋಣಾದಲ್ಲಿ ರೋಗನ್ ಚಿತ್ರ ಬಿಡಿಸುವುದನ್ನು ಎದುರೇ ಕೂತು ನೋಡಬಹುದು. ಭುಜ್‌ನ ಸ್ಮೃತಿವನ 2001ರ ಜನವರಿ 26ರ ಭೂಕಂಪದಲ್ಲಿ ಹೋದವರ ನೆನಪಿಗೆ ಮಾಡಿದ್ದು. ಅಲ್ಲಿಗೆ ಅರ್ಧ ದಿನ ಇಟ್ಟುಕೊಳ್ಳಿ.

ಜೈಸಲ್ಮೇರ್, ಕಛ್ ಎರಡರ ದಿಕ್ಕಿಗೂ ನಮ್ಮ ಕಡೆಯಿಂದ ರೈಲಿದೆ. ಬೆಂಗಳೂರಿನಿಂದ ಹುಬ್ಬಳ್ಳಿ ಮಾರ್ಗವಾಗಿ ಜೋಧಪುರಕ್ಕೂ ಕಛ್‌ನ ಗಾಂಧೀಧಾಮಕ್ಕೂ ಹೋಗುವ ರೈಲುಗಳನ್ನು ಅರಸೀಕೆರೆಯಲ್ಲೇ ಹತ್ತಬಹುದು. ದಿನ ತಪ್ಪದೆ ಓಡುವ ರೈಲುಗಳಲ್ಲ, ವಾರದ ದಿನ ನೋಡಿಕೊಳ್ಳಬೇಕು. ದಾರಿಯಲ್ಲೇ ಎರಡು ರಾತ್ರಿ ಕಳೆಯುತ್ತದೆ. ಪುಳಿಯೋಗರೆ, ಚಪಾತಿ ಕಟ್ಟಿಕೊಂಡು ಹೋಗುವ ಮನೆಮಂದಿಗೆ ಅದೂ ಒಂದು ಪ್ರವಾಸವೇ. 70 ದಾಟಿದವರಿಗೆ ಮಾತ್ರ ವಿಮಾನವೇ ಸರಿ. ಮುಂಬೈನಲ್ಲಿ ಬದಲಿಸಿ ಭುಜ್ ತಲುಪಬಹುದು.

ಮಳೆಗಾಲಕ್ಕೆ ಲಡಾಖ್

ಈ ಬರಹದ ಮುಖ್ಯ ಮಾತು ಇದು. ಮಳೆಗಾಲದಲ್ಲಿ ಬಿಸಿಲು ಬೇಕೆಂದು ಕೇಳುವವರಿಗೆ ಎಲ್ಲರೂ ರಾಜಸ್ಥಾನದ ಹೆಸರು ಹೇಳುತ್ತಾರೆ. ಜುಲೈ, ಆಗಸ್ಟ್‌ಗೆ ಸರಿಯಾದ ಮರಳುಗಾಡು ಉತ್ತರಕ್ಕೆ, ಹಿಮಾಲಯದ ಆಚೆ ಇದೆ.

ತೋಟದವರಿಗೆ ಮಳೆಯ ಲೆಕ್ಕ ಇಂಚಿನಲ್ಲೇ ಹೇಳಬೇಕು. ಜೈಸಲ್ಮೇರ್‌ಗೆ ವರ್ಷಕ್ಕೆಲ್ಲ ಬೀಳುವುದು ಸುಮಾರು ಎಂಟು ಇಂಚು. ಲೇಹ್‌ಗೆ ಸುಮಾರು ನಾಲ್ಕು. ಜುಲೈನಲ್ಲಿ ಮೂಡಿಗೆರೆ ಕಡೆ ಜೋರು ಹಿಡಿದರೆ ಅಷ್ಟು ಮಳೆ ಒಂದೆರಡು ದಿನದಲ್ಲಿ ಸುರಿಯುತ್ತದೆ. ಮುಂಗಾರಿನ ಮೋಡಗಳನ್ನು ಹಿಮಾಲಯ ತಡೆದು ನಿಲ್ಲಿಸುತ್ತದೆ. ಆಚೆ ಬದಿಗೆ ಒಣ ಗಾಳಿ, ನೀಲಿ ಆಕಾಶ. ಜುಲೈ ಹಗಲು 25 ಡಿಗ್ರಿ, ರಾತ್ರಿ 10ರ ಹತ್ತಿರ. ಒದ್ದೆ ಬಟ್ಟೆ ಹರವಿದರೆ ಅರ್ಧ ಗಂಟೆಯಲ್ಲಿ ಗರಿಗರಿ.

ನುಬ್ರಾ ಕಣಿವೆಯ ಹುಂಡರ್‌ನಲ್ಲಿ ನಿಜವಾದ ಮರಳು ದಿಬ್ಬಗಳಿವೆ. ಅಲ್ಲಿನ ಒಂಟೆಗಳಿಗೆ ಎರಡು ಡುಬ್ಬ. ಮಧ್ಯ ಏಷ್ಯಾದ ವ್ಯಾಪಾರಿಗಳು ಸರಕು ಹೇರಿಕೊಂಡು ಬರುತ್ತಿದ್ದ ಕಾಲದ ಒಂಟೆಗಳ ಸಂತತಿ ಅವು. ದಿಬ್ಬದ ಹಿಂದೆ ಬೋಳು ಬೆಟ್ಟ, ಅದರ ಹಿಂದೆ ಹಿಮ, ಈಚೆ ಬದಿಗೆ ಸಣ್ಣ ಹಸಿರು ತೊರೆ. ಜುಲೈ ಕೊನೆ, ಆಗಸ್ಟ್‌ನಲ್ಲಿ ಹೋದರೆ ಮನೆ ಮುಂದಿನ ಮರಗಳಲ್ಲಿ ಏಪ್ರಿಕಾಟ್ ಹಣ್ಣು. ಹಣ್ಣಿನ ಒಳಗಿನ ಬೀಜವನ್ನೂ ಒಡೆದು ತಿನ್ನುತ್ತಾರೆ, ಎಣ್ಣೆಯನ್ನೂ ತೆಗೆಯುತ್ತಾರೆ.

ಆದರೆ ಲಡಾಖ್ ಎಲ್ಲರಿಗೂ ಆಗುವುದಿಲ್ಲ. ಇದನ್ನು ಒತ್ತಿ ಹೇಳಬೇಕು. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ವಿಮಾನದಲ್ಲಿ ಇಳಿದ ದಿನ ಮತ್ತು ಮರುದಿನ ಸುಮ್ನೆ ಕೋಣೆಯಲ್ಲಿ ಬಿದ್ದುಕೊಂಡಿರಬೇಕು. ಮೆಟ್ಟಿಲು ಹತ್ತಿ ಇಳಿಯುವುದು, ಪೇಟೆ ಸುತ್ತುವುದು ಬೇಡ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಲಕ್ಷಣ. ಜಾಸ್ತಿಯಾದರೆ ತಡಮಾಡದೆ ಕೆಳಗೆ ಇಳಿಯುವುದೇ ಮದ್ದು. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಶ್ವಾಸಕೋಶದ ಕಾಯಿಲೆ ಇರುವವರು, ಬಸುರಿಯರು ವೈದ್ಯರು ಒಪ್ಪದೆ ಟಿಕೆಟ್ ಮಾಡಿಸಬೇಡಿ. ಉಬ್ಬಸ ಇರುವವರಿಗೆ ಒಣ ಹವೆ ಹಿತ ಅನ್ನಿಸಿದರೂ ಎತ್ತರ, ಚಳಿ, ಧೂಳು ಬೇರೆಯೇ ಲೆಕ್ಕ. ಅವರೂ ಕೇಳಿಯೇ ಹೋಗಬೇಕು.

ಲೇಹ್‌ನಿಂದ ನುಬ್ರಾಕ್ಕೆ ಖಾರ್ದುಂಗ್ ಲಾ ಅನ್ನುವ ಬೆಟ್ಟದ ಕಣಿವೆದಾರಿ ದಾಟಬೇಕು, ಅದರ ಎತ್ತರ 5,359 ಮೀಟರ್. ಮೇಲೆ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಡಿ. ಹುಂಡರ್ ಮಾತ್ರ ಲೇಹ್‌ಗಿಂತ ತಗ್ಗಿನಲ್ಲಿದೆ, ಸುಮಾರು 3,100 ಮೀಟರ್. ಅಲ್ಲಿ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಸಮಯ ಕಡಿಮೆ ಇದ್ದರೆ ಪಾಂಗಾಂಗ್ ಸರೋವರ ಬಿಟ್ಟು ನುಬ್ರಾದಲ್ಲೇ ಎರಡು ರಾತ್ರಿ ಇರಿ. ಪಾಂಗಾಂಗ್ ಇನ್ನೂ ಎತ್ತರ, ಹಿರಿಯರಿಗೆ ಅಲ್ಲಿ ರಾತ್ರಿ ಕಳೆಯುವುದು ಕಷ್ಟ. ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಮನೆಯವರಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಂಡಿರಬೇಕು, ಇಲ್ಲದಿದ್ದರೆ ತೋಟದಲ್ಲಿ ಮರ ಬಿದ್ದರೂ ತೋಟ ನೋಡಿಕೊಳ್ಳುವ ರೈಟರು ನಿಮಗೆ ತಿಳಿಸಲು ಆಗುವುದಿಲ್ಲ.

ಮಳೆಗಾಲದಲ್ಲಿ ಮನಾಲಿ, ಶ್ರೀನಗರ ರಸ್ತೆಗಳಲ್ಲಿ ಗುಡ್ಡ ಜರಿಯುತ್ತದೆ. ದೆಹಲಿಯಿಂದ ವಿಮಾನದಲ್ಲೇ ಹೋಗಿ. ಆಗಸ್ಟ್‌ನಲ್ಲಿ ಲಡಾಖ್‌ಗೂ ಅಪರೂಪಕ್ಕೆ ಮೇಘಸ್ಫೋಟ ಆಗುವುದುಂಟು. 2010ರ ಆಗಸ್ಟ್‌ನಲ್ಲಿ ಲೇಹ್ ಕೊಚ್ಚಿಹೋಗಿತ್ತು. ಸೆಪ್ಟೆಂಬರ್‌ನಲ್ಲಿ ಹೊರಡಲು ಆಗುವುದಾದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಆಕಾಶ ತಿಳಿಯಾಗಿರುತ್ತದೆ, ಜನ ಕಡಿಮೆ, ಹೊಲದಲ್ಲಿ ಬಾರ್ಲಿ ಕೊಯ್ಲು.

ಎತ್ತರ ಆಗದವರು ಏನು ಮಾಡಬೇಕು? ಒದ್ದೆಯಿಂದ ತಪ್ಪಿಸಿಕೊಂಡರೆ ಸಾಕು ಅನ್ನುವ ಹಿರಿಯರಿಗೆ ದೂರದ ಮರಳುಗಾಡೇ ಬೇಕಾಗಿಲ್ಲ. ಚಿಕ್ಕಮಗಳೂರು ಜಿಲ್ಲೆಯಲ್ಲೇ ಕಡೂರು, ಹಾಸನದಲ್ಲೇ ಅರಸೀಕೆರೆ ಬಯಲುಸೀಮೆ. ಘಟ್ಟದಲ್ಲಿ ಧೋ ಅಂತ ಸುರಿಯುವಾಗ ಅಲ್ಲಿ ಬಿಸಿಲು. ನೆಂಟರಿದ್ದರೆ ಒಂದು ತಿಂಗಳು ಅಲ್ಲೇ ಇದ್ದು ಬಂದರೂ ಎದೆ ಹಗುರವಾಗುತ್ತದೆ.

ದುಬೈ: ವಿಮಾನ ಹತ್ತಿರ, ತಿಂಗಳು ಮುಖ್ಯ

ಮಂಗಳೂರಿನಿಂದ ದುಬೈಗೂ ಅಬುಧಾಬಿಗೂ ನೇರ ವಿಮಾನ ಇರುವುದರಿಂದ ಮೂಡಿಗೆರೆ, ಸಕಲೇಶಪುರದವರಿಗೆ ಜೈಸಲ್ಮೇರ್‌ಗಿಂತ ದುಬೈ ಬೇಗ ಸಿಗುತ್ತದೆ. ನವೆಂಬರ್‌ನಿಂದ ಮಾರ್ಚ್ ತನಕ ಹವೆ ಬಹಳ ಚೆನ್ನ, ಜನವರಿಯಲ್ಲಿ ಹಗಲು 24 ಡಿಗ್ರಿ ಆಸುಪಾಸು. ಸುತ್ತಾಡಲು ರಸ್ತೆ, ಲಿಫ್ಟ್, ಗಾಲಿಕುರ್ಚಿ ವ್ಯವಸ್ಥೆ ಎಲ್ಲ ಅಚ್ಚುಕಟ್ಟು. ನಡೆಯಲು ಕಷ್ಟಪಡುವ ಹಿರಿಯರನ್ನು ಕರೆದೊಯ್ಯುವುದಾದರೆ ಈ ಪಟ್ಟಿಯಲ್ಲಿ ದುಬೈಯೇ ಮೊದಲು.

ಜುಲೈ, ಆಗಸ್ಟ್‌ನಲ್ಲಿ ಹೋಟೆಲ್ ದರ ತೀರಾ ಇಳಿಯುತ್ತದೆ. ಅದನ್ನು ನೋಡಿ ಮನಸ್ಸು ಮಾಡುವ ಮುನ್ನ ಇದನ್ನು ಯೋಚಿಸಿ: ಹಗಲು 41, 42 ಡಿಗ್ರಿ, ರಾತ್ರಿಯೂ 30ಕ್ಕಿಂತ ಇಳಿಯುವುದಿಲ್ಲ, ಮೇಲೆ ಸಮುದ್ರದ ತೇವ. ಬೆವರು ಒಣಗುವುದೇ ಇಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಲ್ಲಿ ಕೆಲಸ ಮಾಡಿಸುವುದನ್ನು ಅಲ್ಲಿನ ಸರ್ಕಾರವೇ ನಿಷೇಧಿಸಿದೆ ಅಂದರೆ ಲೆಕ್ಕ ಹಾಕಿಕೊಳ್ಳಿ. ಮಳೆಗಾಲದ ತೇವ ಬೇಡವೆಂದು ಹೊರಟವರು ಇನ್ನೊಂದು ತೇವಕ್ಕೆ ಹೋಗಿ ಮಾಲ್‌ನ ಎಸಿಯಲ್ಲಿ ಕೂತ ಹಾಗಾಗುತ್ತದೆ. ಮಕ್ಕಳು, ಮೊಮ್ಮಕ್ಕಳು ಅಲ್ಲೇ ಇದ್ದಾರೆ, ಅವರನ್ನು ನೋಡುವುದೇ ಮುಖ್ಯ ಅನ್ನುವವರ ಮಾತು ಬೇರೆ.

ಮರಳುಗಾಡನ್ನೇ ನೋಡಬೇಕೆಂದರೆ ದುಬೈ ಊರೊಳಗೆ ದಿನ ಕಳೆಯಬೇಡಿ. ಅಬುಧಾಬಿ ಸೀಮೆಯ ಅಲ್ ಐನ್‌ನ ಖರ್ಜೂರದ ತೋಟಕ್ಕೆ ಹೋಗಿ. ಹಳೆಯ ಕಾಲುವೆಗಳಿಂದ ಇವತ್ತಿಗೂ ಅಲ್ಲಿ ಮರಗಳಿಗೆ ನೀರು ಹಾಯಿಸುತ್ತಾರೆ. ಅಡಿಕೆ ತೋಟದ ನೆರಳಿಗೆ ಒಗ್ಗಿದವರಿಗೆ ಆ ಜಾಗ ಥಟ್ಟನೆ ಹಿಡಿಸುತ್ತದೆ. ಇನ್ನೂ ದೂರ ಹೋಗುವ ಮನಸ್ಸಿದ್ದರೆ ಲಿವಾ. ಅಲ್ಲಿನ ದಿಬ್ಬಗಳ ಮುಂದೆ ಸಮ್ ಚಿಕ್ಕದಾಗಿ ಕಾಣುತ್ತದೆ.

ಒಂದು ಎಚ್ಚರಿಕೆ, ಮನೆಯ ಹೆಂಗಸರಿಗೆಲ್ಲ ಹೇಳಿ. ಅಲ್ಲಿ ಗಸಗಸೆ ನಿಷಿದ್ಧ. ಪಾಯಸಕ್ಕೆಂದು ಪೊಟ್ಟಣ ಕಟ್ಟಿಕೊಂಡು ಹೋಗುವುದಿರಲಿ, ಗಸಗಸೆ ಹಾಕಿ ಮಾಡಿದ ಮಸಾಲೆ ಪುಡಿಯೂ ಬ್ಯಾಗಿನಲ್ಲಿರಬಾರದು. ಕೆಲವು ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳಿಗೂ ಕಟ್ಟುನಿಟ್ಟು ಇದೆ. ವೈದ್ಯರ ಚೀಟಿ ಜೊತೆಗಿರಲಿ, ಯಾವುದಕ್ಕೆ ಮುಂಚಿತ ಅನುಮತಿ ಬೇಕು ಅಂತ ಹೊರಡುವ ಮೊದಲೇ ನೋಡಿಕೊಳ್ಳಿ.

ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿದ್ದರೆ

ಪಾಮ್ ಸ್ಪ್ರಿಂಗ್ಸ್‌ಗೆಂದೇ ಇಲ್ಲಿಂದ ವೀಸಾ ಮಾಡಿಸಿಕೊಂಡು ಹೋಗಬೇಕಾಗಿಲ್ಲ. ಮಗನ ಮನೆಗೋ ಮಗಳ ಬಾಣಂತನಕ್ಕೋ ಹೋದವರು ಅಲ್ಲಿಂದ ನಾಲ್ಕು ದಿನ ಹೋಗಿಬರಬಹುದು. ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಸುಮಾರು 170 ಕಿಲೋಮೀಟರ್. ಜನವರಿಯಲ್ಲಿ ಹಗಲು 21, 22 ಡಿಗ್ರಿ. ಅಮೆರಿಕದ ಚಳಿ ಸೀಮೆಯ ನಿವೃತ್ತರು ತಿಂಗಳುಗಟ್ಟಲೆ ಅಲ್ಲಿ ಬಂದು ಇರುತ್ತಾರೆ, ಹಾಗಾಗಿ ಊರೇ ಹಿರಿಯರಿಗೆ ಹೊಂದುವ ಹಾಗಿದೆ. ಬೇಸಿಗೆಯಲ್ಲಿ ಬೇಡವೇ ಬೇಡ. 2024ರ ಜುಲೈ 5ರಂದು ಅಲ್ಲಿ 51 ಡಿಗ್ರಿ ದಾಟಿತ್ತು.

ಅಲ್ಲಿ ತಪ್ಪಿಸಬಾರದ್ದು ತಂತಿಯ ಮೇಲೆ ಹೋಗುವ ಟ್ರಾಮ್. 1963ರಿಂದ ಓಡುತ್ತಿದೆ. ಸುಮಾರು 800 ಮೀಟರ್ ಎತ್ತರದ ಮರುಭೂಮಿಯಿಂದ ಹತ್ತು ನಿಮಿಷದಲ್ಲಿ ಸುಮಾರು 2,600 ಮೀಟರ್ ಎತ್ತರದ ಪೈನ್ ಕಾಡಿಗೆ ಒಯ್ಯುತ್ತದೆ. ಕೆಳಗೆ ಅಂಗಿ ಸಾಕು, ಮೇಲೆ ಚಳಿಗಾಲದಲ್ಲಿ ಹಿಮ. ಹತ್ತಿರದ ಇಂಡಿಯೊ ಸುತ್ತಮುತ್ತ ಖರ್ಜೂರದ ತೋಟಗಳು. ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನಕ್ಕೆ ಒಂದು ಪೂರ್ತಿ ದಿನ ಬೇಕು. ಏಪ್ರಿಲ್‌ನಲ್ಲಿ ಕೋಚೆಲ್ಲಾ ಸಂಗೀತ ಮೇಳ ನಡೆಯುವ ವಾರಾಂತ್ಯಗಳನ್ನು ಬಿಡಿ, ಕೋಣೆಗಳ ದರ ಗಗನಕ್ಕೇರಿರುತ್ತದೆ. ಕಾರಿಲ್ಲದೆ ಅಲ್ಲಿ ಏನೂ ಆಗುವುದಿಲ್ಲ, ಅದರಿಂದ ಮಕ್ಕಳಿಗೆ ರಜೆ ಇರುವ ದಿನಗಳಿಗೇ ಹೊಂದಿಸಿಕೊಳ್ಳಬೇಕು. ಇಲ್ಲಿಂದ ಹೊರಡುವ ಮೊದಲೇ ಆರೋಗ್ಯ ವಿಮೆ ಮಾಡಿಸಿ.

ವರ್ಷಕ್ಕೆ ಎರಡು ಸಲ ಹೊರಡಲು ಆಗುವವರಿಗೆ

ಅರೇಬಿಕಾದವರು ಫೆಬ್ರವರಿಗೆ ಕಛ್ ಅಥವಾ ಜೈಸಲ್ಮೇರ್, ಸೆಪ್ಟೆಂಬರ್‌ಗೆ ಲಡಾಖ್ ಇಟ್ಟುಕೊಳ್ಳಿ. ರೊಬಸ್ಟಾದವರು ಅಕ್ಟೋಬರ್ ಕೊನೆಗೆ ಜೈಸಲ್ಮೇರ್, ಮುಂದಿನ ಜುಲೈಗೆ ಲಡಾಖ್. ತೋಟವನ್ನು ಮಕ್ಕಳ ಕೈಗೆ ಒಪ್ಪಿಸಿ ಆರಾಮಾಗಿರುವ ಹಿರಿಯರು ಡಿಸೆಂಬರ್, ಜನವರಿಯಲ್ಲಿ ದುಬೈಗೆ ಹೋಗಿ. ಕುಯ್ಲಿನ ಗಲಾಟೆಯಿಂದಲೂ ದೂರ ಇದ್ದ ಹಾಗಾಯಿತು. ಒಂದೇ ಸಲದಲ್ಲಿ ಕಛ್, ಜೈಸಲ್ಮೇರ್ ಎರಡನ್ನೂ ತುರುಕಲು ಹೋಗಬೇಡಿ. ನಕ್ಷೆಯಲ್ಲಿ ಅಕ್ಕಪಕ್ಕ ಕಂಡರೂ ನಡುವೆ ದಿನಪೂರ್ತಿ ಕಾರಿನ ದಾರಿ, ಸೊಂಟ ಹಿಡಿದುಕೊಳ್ಳುತ್ತದೆ.

ಎಲ್ಲಿಗೆ ಹೋದರೂ ಮಲೆನಾಡಿನ ಮೈಗೆ ಒಣ ಹವೆ ಹೊಸದು. ಎರಡನೇ ದಿನಕ್ಕೆ ತುಟಿ ಒಡೆಯುತ್ತದೆ, ಮೂಗಿನೊಳಗೆ ಉರಿ ಬರುತ್ತದೆ. ಕೊಬ್ಬರಿ ಎಣ್ಣೆ ಜೇಬಿನಲ್ಲೇ ಇರಲಿ. ಬೆವರು ಕಾಣುವುದಿಲ್ಲವೆಂದು ನೀರು ಕುಡಿಯುವುದನ್ನು ಮರೆಯುತ್ತೇವೆ, ಬಾಯಾರಿಕೆ ಇಲ್ಲದಿದ್ದರೂ ಗಂಟೆಗೊಮ್ಮೆ ಕುಡಿಯಬೇಕು. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಪ್ರಮಾಣದ ಬಗ್ಗೆ ವೈದ್ಯರನ್ನು ಮೊದಲೇ ಕೇಳಿ. ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ, ತಂಪು ಚೀಲದಲ್ಲಿಡಿ. ಕಾರಿನಲ್ಲಿ ಬಿಟ್ಟು ಇಳಿಯಬೇಡಿ.

ಜುಲೈ, ಆಗಸ್ಟ್‌ನಲ್ಲಿ ವಿಮಾನ ಹಿಡಿಯುವವರು ಮಂಗಳೂರಿನ ಬದಲು ಬೆಂಗಳೂರಿನಿಂದ ಟಿಕೆಟ್ ಮಾಡಿಸಿ. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಯಾವಾಗ ಗುಡ್ಡ ಕುಸಿದು ರಸ್ತೆ ಬಂದ್ ಆಗುತ್ತದೋ ಹೇಳಲು ಬರುವುದಿಲ್ಲ. ಬೆಂಗಳೂರಿಗೂ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ಸಕಲೇಶಪುರ, ಆಲೂರು ಕಡೆ ಆನೆ ಓಡಾಟ ಇರುವಲ್ಲಿ ಮನೆ ಬೀಗ ಹಾಕಿ ಹೋಗುವಾಗ ಬಾಳೆಗೊನೆ, ಹಲಸು, ಭತ್ತದ ಮೂಟೆ ಮನೆಯ ಹತ್ತಿರ ಬಿಡಬೇಡಿ.

ರೈಲಿನ ಟಿಕೆಟ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ. ಫೆಬ್ರವರಿ ಪ್ರವಾಸಕ್ಕೆ ಡಿಸೆಂಬರ್‌ನಲ್ಲಿ, ಅಂದರೆ ಕುಯ್ಲಿನ ನಡುವೆಯೇ, ನೆನಪಿಟ್ಟುಕೊಂಡು ಮಾಡಿಸಬೇಕು. ಹುಣ್ಣಿಮೆಗೆ ಧೋರ್ಡೋ ಟೆಂಟ್ ಬೇಕಾದರೆ ಅದಕ್ಕೂ ಮೊದಲೇ ದೀಪಾವಳಿ ಹೊತ್ತಿಗೆ ಕಾದಿರಿಸಿ. ಲಡಾಖ್ ವಿಮಾನಕ್ಕೆ ಮಾರ್ಚ್, ಏಪ್ರಿಲ್‌ನಲ್ಲೇ ದರ ನೋಡಲು ಶುರು ಮಾಡಿ, ಹೂ ಮಳೆ ಬಿದ್ದು ಒಂದು ವಾರ ಕೈ ಖಾಲಿ ಇರುವಾಗ ಟಿಕೆಟ್ ಮಾಡಿಸಿಬಿಡಿ.